ಪಲ್ಯವೇ ಊಟ, ರೊಟ್ಟಿ ನಂಚಿಕೊಳ್ಳೋಕೆ

ಗುಳೇದಗುಡ್ಡದಲ್ಲಿ ಖಣದ ಕುಪ್ಪಸ ಹೊಲಿಯುವುದು ನನ್ನ ಕೆಲಸ. ಬೆಳಿಗ್ಗೆ ಮಷೀನ್ ಮುಂದೆ ಕೂತರೆ ಸಂಜೆವರೆಗೂ ಏಳುವುದು ಕಡಿಮೆ. 48ನೇ ವಯಸ್ಸಿಗೆ ಶುಗರ್ ಇದೆ ಅಂತ ಗೊತ್ತಾಯಿತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 9.1 ಬಂದಿತ್ತು. 6.5 ಮುಟ್ಟಿದರೇನೇ ಸಕ್ಕರೆ ಕಾಯಿಲೆ ಅನ್ನುತ್ತಾರೆ.

ಸಿಹಿ ಬಿಟ್ಟೆ. ಚಹಾಕ್ಕೆ ಸಕ್ಕರೆ ಬಿಟ್ಟೆ. ಅನ್ನ ಒಂದು ಸೌಟಿಗೆ ಇಳಿಸಿದೆ. ರೊಟ್ಟಿ ಮಾತ್ರ ಹಾಗೇ ಇತ್ತು. ಜೋಳದ ರೊಟ್ಟಿ ತಿನ್ನುವವರಿಗೆ ಶುಗರ್ ಏನೂ ಮಾಡಲ್ಲ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನಾನೂ ನಂಬಿದ್ದೆ.

ಆಮೇಲೆ ಮನೆಯಲ್ಲೇ ನೋಡಿಕೊಳ್ಳುವ ಮೀಟರ್ ತಂದೆ. ಒಂದು ಮಧ್ಯಾಹ್ನ ಊಟಕ್ಕೆ ಮುಂಚೆ 142 ಇತ್ತು. ಮೂರು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ಸೌಟು ಅನ್ನ ಉಂಡೆ. ಎರಡು ತಾಸಿಗೆ 267. ಊಟದ ಎರಡು ತಾಸಿನ ಮೇಲೆ 180ರ ಒಳಗಿರಬೇಕು ಅಂತ ಡಾಕ್ಟರ್ ಹೇಳಿದ್ದರು. ಸಿಹಿ ಅನ್ನೋದು ಬಾಯಿಗೇ ಹೋಗಿರಲಿಲ್ಲ. ಮತ್ತೆ ಎಲ್ಲಿಂದ ಬಂತು?

ಮರುದಿನ ಅತ್ತೆ ಹಿಟ್ಟು ನಾದುವ ಮುಂಚೆ ಒಂದು ರೊಟ್ಟಿಗೆ ಬೇಕಾದ ಒಣ ಹಿಟ್ಟನ್ನು ತೂಗಿ ನೋಡಿದೆ. 70 ಗ್ರಾಂ. ಜೋಳದ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಹೊಟ್ಟೆಗೆ ಹೋಗಿ ಸಕ್ಕರೆಯಾಗುವ ಅಂಶ, ಇರುತ್ತದೆ. ಅಂದರೆ ಒಂದು ರೊಟ್ಟಿಗೆ 50ರ ಹತ್ತಿರ, ಮೂರಕ್ಕೆ 150ರ ಹತ್ತಿರ. ಇಡೀ ದಿನಕ್ಕೆ 130 ಗ್ರಾಂ ಒಳಗಿದ್ದರೆ ಅದಕ್ಕೆ ಲೋ ಕಾರ್ಬ್, ಅಂದರೆ ಕಾರ್ಬೋಹೈಡ್ರೇಟ್ ಕಡಿಮೆ ಇರುವ ಊಟ ಅನ್ನುತ್ತಾರೆ. ನಾನು ಒಂದೇ ಹೊತ್ತಿಗೆ ಅದನ್ನು ದಾಟುತ್ತಿದ್ದೆ. ಗೋಧಿಯೂ ಇದಕ್ಕಿಂತ ಬೇರೆಯಲ್ಲ. ರೊಟ್ಟಿ ಬಿಟ್ಟು ಚಪಾತಿ ಹಿಡಿದವರಿಗೆ ಇದನ್ನು ಹೇಳಲೇಬೇಕು.

ಜೋಳ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಲ್ಲ. ಅದರಲ್ಲಿ ನಾರಿದೆ, ಅಕ್ಕಿಗಿಂತ ಹೊಟ್ಟೆ ಹಿಡಿಯುತ್ತದೆ. ತಪ್ಪಿದ್ದು ಲೆಕ್ಕದಲ್ಲಿ. ನಮ್ಮಲ್ಲಿ ರೊಟ್ಟಿ ಅಂದರೆ ಊಟ, ಪಲ್ಯ ಅಂದರೆ ನಂಚಿಕೊಳ್ಳುವುದು. ಇದನ್ನು ತಿರುಗಿಸಿದೆ. ಈಗ ಪಲ್ಯವೇ ಊಟ. ರೊಟ್ಟಿ ನಂಚಿಕೊಳ್ಳೋಕೆ. ನಾನು ಮಾಡಿದ್ದು ಇಷ್ಟೇ, ಉಳಿದದ್ದೆಲ್ಲ ಇದರ ಹಿಂದೆ ಬಂತು.

ನಮ್ಮ ಕಡೆ ಇದಕ್ಕೆ ಬೇಕಾದ್ದೆಲ್ಲ ಮನೆಯಲ್ಲೇ ಇದೆ, ಹೊರಗಿನಿಂದ ಏನೂ ತರಬೇಕಿಲ್ಲ. ಹಸಿ ಮೆಂತ್ಯ, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಸೌತೆಕಾಯಿ. ಊಟಕ್ಕೆ ಕೂತ ಕೂಡಲೇ ಮೊದಲು ಇವನ್ನೇ ಒಂದು ಬಟ್ಟಲು ತಿನ್ನುತ್ತೇನೆ. ಆಮೇಲೆ ಎರಡು ಬಟ್ಟಲು ಪಲ್ಯ. ಒಂದು ಸೊಪ್ಪಿಂದು, ಇನ್ನೊಂದು ಕಾಳಿಂದು ಅಥವಾ ಬದನೆಕಾಯಿಯದ್ದು. ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕುತ್ತೇವಲ್ವಾ, ಅದನ್ನು ಒಂದು ಹಿಡಿಯಿಂದ ಒಂದು ಚಮಚಕ್ಕೆ ಇಳಿಸಿದೆ. ಬೇಳೆ ಸ್ವಲ್ಪ ಹೆಚ್ಚಿಸಿದೆ, ರುಚಿ ಕೆಡಲಿಲ್ಲ. ಎಣ್ಣೆಗಾಯಿಯ ಮಸಾಲೆಗೆ ಬೆಲ್ಲ ಬಿಟ್ಟೆ. ಶೇಂಗಾ, ಗುರೆಳ್ಳು ಹಾಗೇ ಇವೆ. ಬಟ್ಟಲು ಗಟ್ಟಿ ಮೊಸರು ಇದ್ದೇ ಇರುತ್ತದೆ. ಅಗಸಿ ಚಟ್ನಿಯಲ್ಲಿ ಹೆಚ್ಚಿನದು ನಾರು ಮತ್ತು ಎಣ್ಣೆ, ಅದನ್ನು ದಿನಾ ಹಾಕಿಕೊಳ್ಳುತ್ತೇನೆ. ಉಪ್ಪು ಕಡಿಮೆ ಹಾಕಿ ಬೇರೆ ಕುಟ್ಟಿಟ್ಟುಕೊಂಡಿದ್ದೇನೆ, ಬಿಪಿಯೂ ಇದೆ.

ಬೆಳಿಗ್ಗೆ ಅವಲಕ್ಕಿ, ಸೂಸ್ಲಾ, ಉಪ್ಪಿಟ್ಟು ಬಿಟ್ಟೆ. ಮೊಳಕೆ ಬಂದ ಮಡಿಕೆಕಾಳಿನ ಉಸಳಿ ಒಂದು ಬಟ್ಟಲು, ಇಲ್ಲವೇ ಕಡಲೆ ಹಿಟ್ಟಿನ ಜುಣಕ, ಜೊತೆಗೆ ಮೊಸರು. ಕಾಳಿನಲ್ಲೂ ಕಾರ್ಬ್ ಇದೆ, ಮರೆಯಬಾರದು. ಆದರೆ ಪ್ರೋಟೀನ್, ನಾರು ಜೊತೆಗಿರುವುದರಿಂದ ಮೀಟರ್ ಅಷ್ಟು ಜಿಗಿಯುವುದಿಲ್ಲ. ಸಂಜೆ ಚುರುಮುರಿ ಬದಲು ಒಂದು ಹಿಡಿ ಹುರಿದ ಶೇಂಗಾ. ಒಂದೇ ಹಿಡಿ.

ಈಗ ಎಲ್ಲರಿಗೂ ಹೇಳಬೇಕಾದ ಮಾತು. ನಾನು ಇದನ್ನು ಶುರು ಮಾಡುವ ಮುಂಚೆ ಡಾಕ್ಟರಿಗೆ ಹೇಳಿರಲಿಲ್ಲ. ಮೂರನೇ ವಾರ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಕುಪ್ಪಸಕ್ಕೆ ತೋಳು ಕೂಡಿಸುವಾಗ ಕೈ ನಡುಗಿತು. ಹಣೆ ಮೇಲೆ ಬೆವರು. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಮೀಟರ್ ನೋಡಿದರೆ 62. 70ಕ್ಕಿಂತ ಕೆಳಗೆ ಇಳಿದರೆ ಅಪಾಯ. ಮಗಳು ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದಳು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದೆವು, 88ಕ್ಕೆ ಬಂತು. ಆ ಹದಿನೈದು ನಿಮಿಷ ನಾನು ಅವಳ ಕೈ ಬಿಟ್ಟಿರಲಿಲ್ಲ.

ಮೆಟ್‌ಫಾರ್ಮಿನ್ ಜೊತೆ ನನಗೆ ಗ್ಲಿಮೆಪಿರೈಡ್ ಗುಳಿಗೆ ಇತ್ತು. ಅದು ದೇಹದೊಳಗೆ ಸಕ್ಕರೆ ಇಳಿಸುವ ಇನ್ಸುಲಿನ್ ಹೆಚ್ಚು ಹೊರಡುವಂತೆ ಮಾಡುತ್ತದೆ. ಊಟ ಕಡಿಮೆಯಾಗಿದೆ ಅಂತ ಅದಕ್ಕೇನು ಗೊತ್ತು? ಮರುದಿನವೇ ಡಾಕ್ಟರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಆ ಗುಳಿಗೆ ಅರ್ಧಕ್ಕೆ ಇಳಿಸಿದರು. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಈ ಅಪಾಯ ಇದೆ. ಡಪಾಗ್ಲಿಫ್ಲೋಜಿನ್ ತರಹದ ಗುಳಿಗೆ ಇರುವವರು ಕಾರ್ಬ್ ತೀರಾ ಇಳಿಸಿದರೆ ರಕ್ತ ಆಮ್ಲವಾಗುವ ಬೇರೆ ತೊಂದರೆ ಬರಬಹುದು. ಕಿಡ್ನಿ ತೊಂದರೆ ಇದ್ದವರು ಕಾಳು, ಬೇಳೆ ಹೆಚ್ಚಿಸುವ ಮುಂಚೆ ಕೇಳಲೇಬೇಕು. ದಯವಿಟ್ಟು ಸುಮ್ನೆ ಶುರು ಮಾಡಬೇಡಿ.

ಮನೆಯಲ್ಲಿ ಒಪ್ಪಿಸುವುದು ಸುಲಭ ಇರಲಿಲ್ಲ. "ಒಂದ ರೊಟ್ಟಿಗೆ ಜೀವಾ ಹೆಂಗ ನಿಲ್ತೈತಿ? ದುಡಿಯಾಕಿ ನೀ" ಅಂತ ಅತ್ತೆ ದಿನಾ ಅನ್ನುತ್ತಿದ್ದರು. ಎರಡನೇ ರೊಟ್ಟಿ ತಾಟಿಗೆ ಬಿದ್ದೇ ಬಿಡುತ್ತಿತ್ತು. "ಹೊಟ್ಟಿ ತುಂಬೇತ್ರಿ ಅತ್ತಿ, ಪಲ್ಯಾ ಹಾಕ್ರಿ" ಅನ್ನುತ್ತಿದ್ದೆ. ಕೊನೆಗೆ ಒಂದು ದಿನ ಪಕ್ಕದಲ್ಲೇ ಕೂರಿಸಿಕೊಂಡು ಮೀಟರ್ ತೋರಿಸಿದೆ. ಒಂದು ರೊಟ್ಟಿ ಉಂಡ ದಿನದ್ದು 158, ಮೂರು ಉಂಡ ದಿನದ್ದು 267. ಅವರಿಗೆ ಓದಲು ಬರುವುದಿಲ್ಲ, ಆದರೆ ಅಂಕಿ ಗೊತ್ತು.

ಸೋತ ದಿನಗಳೂ ಇವೆ. ಪಂಚಮಿಗೆ ತವರಿಗೆ ಹೋದಾಗ ಶೇಂಗಾ ಉಂಡಿ, ತಂಬಿಟ್ಟು ಅಂತ ಎರಡು ದಿನ ತಿಂದೆ. ಬೆಲ್ಲದ್ದು, ಏನೂ ಆಗಲ್ಲ ಅಂದರು. ಬೆಲ್ಲದಲ್ಲಿ ಇರುವುದೂ ಬಹುಪಾಲು ಸಕ್ಕರೆಯೇ. ಅಮೀನಗಡದ ಕರದಂಟಿಗೂ ಇದೇ ಮಾತು. ಸೋಮವಾರದ ಉಪವಾಸಕ್ಕೆ ಸಾಬುದಾನಿ ತಿನ್ನುವುದನ್ನೂ ಬಿಟ್ಟೆ. ಅದು ಪೂರಾ ಪಿಷ್ಟ. ಈಗ ಶೇಂಗಾ, ಮೊಸರು.

ಬಾದಾಮಿ ಹತ್ತಿರದ ಬನಶಂಕರಿ ಗುಡಿಗೆ ಹೋದಾಗ ಮಾತ್ರ ಮನಸ್ಸು ಹಗುರಾಗುತ್ತದೆ. ಬನದ ಹುಣ್ಣಿಮೆ ಹೊತ್ತಿಗೆ ಅಮ್ಮನಿಗೆ 108 ಬಗೆಯ ಪಲ್ಯದ ನೈವೇದ್ಯ ಮಾಡುತ್ತಾರೆ. ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ಹೆಣ್ಣುಮಕ್ಕಳು ರೊಟ್ಟಿ, ಪಲ್ಯ, ಗಡಿಗೆ ಮೊಸರು ಮಾರುತ್ತಾರೆ. "ರೊಟ್ಟಿ ಒಂದ ಸಾಕವ್ವಾ, ಪಲ್ಯ ಮೊಸರು ಹೆಚ್ಚಿಗಿ ಕೊಡು, ರೊಕ್ಕಾ ಅಷ್ಟ ತಗೋ" ಅಂತೇನೆ. ಯಾರೂ ಬೇಡ ಅಂದಿಲ್ಲ.

ಎಚ್‌ಬಿಎ1ಸಿ ಮೂರು ತಿಂಗಳಿಗೆ 7.6, ಎಂಟು ತಿಂಗಳಿಗೆ 6.8 ಆಯಿತು. ಬೆಳಗಿನ ಬರಿಹೊಟ್ಟೆಯದ್ದು ಇನ್ನೂ 130ರ ಆಚೆ ಈಚೆ ಆಡುತ್ತಿದೆ. ರಾತ್ರಿ ಊಟ ಏಳೂವರೆಗೆ ಮುಗಿಸಿ, ಓಣಿಯಲ್ಲಿ ಅರ್ಧ ತಾಸು ಅಡ್ಡಾಡಿ ಬಂದ ದಿನ ಅದು ಇಳಿಯುತ್ತದೆ. ಲಗ್ನದ ಸೀಸನ್‌ನಲ್ಲಿ ಹೊಲಿಗೆ ಜಾಸ್ತಿ ಇದ್ದಾಗ ಆಗುವುದಿಲ್ಲ.

ಅತ್ತೆ ಈಗ ಹಿಟ್ಟು ನಾದುವ ಮುಂಚೆ, ಮೊದಲು ಒಂದು ಸಣ್ಣ ಹಿಡಿ ಒಣ ಹಿಟ್ಟು ತೆಗೆದು ಬದಿಗಿಡುತ್ತಾರೆ. ತೂಗಿದರೆ 40 ಗ್ರಾಂ ಆಸುಪಾಸು. ಅದನ್ನು ನಾದಿ ತೆಳ್ಳಗೆ, ಅಗಲಕ್ಕೆ ಬಡಿಯುತ್ತಾರೆ. ತಾಟಿನ ತುಂಬ ಕಾಣಲಿ ಅಂತ.