ಪ್ರಯಾಣದಲ್ಲಿ ಹೊಟ್ಟೆ, ನಿದ್ದೆ, ಅಭ್ಯಾಸ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಮನೆಯಲ್ಲಿ ನಮ್ಮ ಅಭ್ಯಾಸಗಳನ್ನು ಅರ್ಧಕ್ಕರ್ಧ ನಡೆಸುವುದು ಮನೆಯೇ. ಬ್ರಷ್ಷಿನ ಪಕ್ಕ ಮಾತ್ರೆ ಡಬ್ಬಿ, ಬಾಗಿಲ ಬಳಿ ವಾಕಿಂಗ್ ಶೂ, ಮೇಜಿನ ಮೇಲೆ ನೀರಿನ ಬಾಟಲಿ ಕಣ್ಣಿಗೆ ಬಿದ್ದರೆ ಸಾಕು, ಕೈಕಾಲು ತಾವಾಗಿಯೇ ಕೆಲಸಕ್ಕೆ ಹತ್ತುತ್ತವೆ. ಊರು ಬಿಟ್ಟ ಕೂಡಲೇ ಈ ಗುರುತುಗಳೆಲ್ಲ ಮಾಯ. ದಿನವೂ ತಪ್ಪದೆ ಒಂದು ಗಂಟೆ ನಡೆಯುವವರು ನಾಲ್ಕು ದಿನದ ಪ್ರವಾಸದಲ್ಲಿ ಒಮ್ಮೆಯೂ ಶೂ ಕಟ್ಟದೆ ವಾಪಸಾಗುತ್ತಾರಲ್ಲ, ಅದನ್ನು ಸೋಮಾರಿತನ ಎನ್ನಲಾಗದು. ನೆನಪಿಸುವ ವಸ್ತುಗಳು ಮನೆಯಲ್ಲೇ ಉಳಿದಿರುತ್ತವೆ, ಅಷ್ಟೇ.

ಹಾಗಾಗಿ ಮನೆಯ ದಿನಚರಿಯನ್ನು ಇಡಿಯಾಗಿ ಹೊತ್ತೊಯ್ಯುವ ಹಟ ಬೇಡ. ನಿದ್ದೆ, ನೀರು, ಹೊಟ್ಟೆ ಈ ಮೂರನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಮಿಕ್ಕ ಅಭ್ಯಾಸಗಳು ಹತ್ತು ನಿಮಿಷದ ಮರಿರೂಪದಲ್ಲಿ ಉಳಿದರೂ ಸಾಕು.

ಹೊರಡುವ ಮುನ್ನ

ಬೇರೆ ದೇಶಕ್ಕೆ ಹೋಗುವುದಿದ್ದರೆ ಲಸಿಕೆಯ ವಿಚಾರ ಮಾತಾಡಲು ವೈದ್ಯರನ್ನು 4ರಿಂದ 6 ವಾರ ಮೊದಲೇ ಕಾಣಿ. ಕೆಲವಕ್ಕೆ ಎರಡು ಮೂರು ಡೋಸ್ ಬೇಕಾಗುತ್ತದೆ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವಂತೂ ಚುಚ್ಚಿಸಿಕೊಂಡ 10 ದಿನಗಳ ನಂತರವೇ ಊರ್ಜಿತವಾಗುವುದು.

ದಿನನಿತ್ಯದ ಔಷಧಿಯನ್ನು ಪ್ರವಾಸದ ದಿನಗಳ ಮೇಲೆ ಒಂದು ವಾರಕ್ಕಾಗುವಷ್ಟು ಹೆಚ್ಚು ಇಟ್ಟುಕೊಳ್ಳಿ. ಎಲ್ಲವೂ ಕೈಚೀಲದಲ್ಲೇ ಇರಲಿ. ಲಗೇಜು ಕಳೆದುಹೋದೀತು ಎಂಬುದು ಒಂದು ಕಾರಣ. ಇನ್ನೊಂದನ್ನು ಬಹಳ ಜನ ಯೋಚಿಸಿರುವುದಿಲ್ಲ: ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಕರಗಿದರೂ ಕೆಲಸಕ್ಕೆ ಬಾರದು, ವಿಮಾನದ ಸರಕು ಕೋಣೆಯಲ್ಲಿ ಅಷ್ಟು ತಣ್ಣಗಾಗುವ ಸಾಧ್ಯತೆ ಉಂಟು. ಐಸ್ ಪ್ಯಾಕಿಗೆ ನೇರವಾಗಿ ತಾಗಿಸಿಟ್ಟರೂ ಇದೇ ಗತಿ. ನಡುವೆ ಬಟ್ಟೆ ಸುತ್ತಿ. ಮಾತ್ರೆಗಳನ್ನು ಮೂಲ ಪೊಟ್ಟಣದಿಂದ ಬಿಡಿಸಬೇಡಿ. ಚೀಟಿಯಲ್ಲಿ ಬ್ರಾಂಡಿನ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ವೈದ್ಯರಿಂದ ಬರೆಸಿಕೊಳ್ಳಿ, ಬ್ರಾಂಡು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಒಂದು ಕಡೆ ಸುಲಭವಾಗಿ ಸಿಗುವ ನಿದ್ದೆ ಮಾತ್ರೆಯೋ ಕೆಮ್ಮಿನ ಸಿರಪ್ಪೋ ಇನ್ನೊಂದು ಕಡೆ ನಿಷಿದ್ಧವಾಗಿರಬಹುದು; ಹೋಗುವ ದೇಶದ ರಾಯಭಾರ ಕಚೇರಿಯ ಮಾಹಿತಿಯನ್ನು ಒಮ್ಮೆ ನೋಡಿ.

ಇದರ ಜೊತೆಗೆ ಒಆರ್‌ಎಸ್ ಪೊಟ್ಟಣ ನಾಲ್ಕೈದು, ಪ್ಯಾರಾಸಿಟಮಾಲ್, ಥರ್ಮಾಮೀಟರ್, ಬ್ಯಾಂಡೇಜು, ಕನಿಷ್ಠ 60 ಶೇಕಡಾ ಆಲ್ಕೋಹಾಲ್ ಇರುವ ಸ್ಯಾನಿಟೈಸರ್. ಹೊಸ ಶೂ ಹಾಕಿಕೊಂಡು ಹೊರಡುವ ಆಸೆಯಿದ್ದರೆ ಎರಡು ವಾರ ಮೊದಲೇ ಮೆಟ್ಟಿ ಪಳಗಿಸಿ.

ಬಸ್ಸಿನಲ್ಲಿ, ದೋಣಿಯಲ್ಲಿ ವಾಂತಿ ಬರುವವರು ಮಾತ್ರೆಯನ್ನು ಹೊರಡುವ 30ರಿಂದ 60 ನಿಮಿಷ ಮುಂಚೆ ನುಂಗಬೇಕು. ಓಕರಿಕೆ ಶುರುವಾದ ಮೇಲೆ ಜಠರದ ಚಲನೆಯೇ ನಿಧಾನವಾಗುವುದರಿಂದ ಮಾತ್ರೆ ಒಳಗೇ ಬಿದ್ದಿರುತ್ತದೆ, ರಕ್ತಕ್ಕೆ ಸೇರುವುದಿಲ್ಲ. ಕಾರಿನಲ್ಲಿ ಮುಂದಿನ ಸೀಟು, ವಿಮಾನದಲ್ಲಿ ರೆಕ್ಕೆಯ ನೇರ, ಹಡಗಿನಲ್ಲಿ ನಡುಭಾಗ ಹಿಡಿಯಿರಿ. ಫೋನ್ ಕೆಳಗಿಟ್ಟು ದೂರದ ದಿಗಂತ ನೋಡಿ. ಈ ಮಾತ್ರೆಗಳಲ್ಲಿ ಹೆಚ್ಚಿನವು ತೂಕಡಿಕೆ ತರುತ್ತವೆ, ಗಾಡಿ ಓಡಿಸುವವರು ನುಂಗಬಾರದು.

ಗಂಟೆಗಟ್ಟಲೆ ಕೂತಾಗ

ನಾಲ್ಕು ಗಂಟೆಗಿಂತ ಹೆಚ್ಚು ಕೂತೇ ಸಾಗುವ ಪ್ರಯಾಣದಲ್ಲಿ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಏರುತ್ತದೆ. ಕಾರು, ರೈಲು, ವಿಮಾನ ಯಾವುದಾದರೂ ಇಷ್ಟೇ. ಮೀನಖಂಡದ ಸ್ನಾಯು ಹಿಂಡಿದಾಗಲೆಲ್ಲ ರಕ್ತ ಮೇಲಕ್ಕೆ ಹೋಗುತ್ತದೆ. ಕೂತಲ್ಲೇ ಕೂತರೆ ಆ ಪಂಪು ನಿಂತಂತೆ. ಗಂಟೆಗೊಮ್ಮೆ ಹಿಮ್ಮಡಿ ನೆಲಕ್ಕೂರಿ ಬೆರಳುಗಳನ್ನು ಮೇಲೆತ್ತಿ, ಆಮೇಲೆ ಬೆರಳೂರಿ ಹಿಮ್ಮಡಿ ಎತ್ತಿ, ಹೀಗೆ 20 ಸಲ ಮಾಡಿ. ಎರಡು ಗಂಟೆಗೊಮ್ಮೆ ಎದ್ದು ಓಡಾಡಿ. ಸೀಟಿನ ಕೆಳಗೆ ಚೀಲ ತುರುಕಿದರೆ ಕಾಲು ಚಾಚಲು ಜಾಗವೇ ಇರುವುದಿಲ್ಲ ಎಂಬುದನ್ನು ಹತ್ತುವಾಗಲೇ ನೆನಪಿಡಿ. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು, ಈಸ್ಟ್ರೋಜನ್ ಎಂಬ ಹಾರ್ಮೋನಿನ ಮಾತ್ರೆ ನುಂಗುವವರು, ಹಿಂದೆ ಹೀಗೆ ಹೆಪ್ಪುಗಟ್ಟಿದ್ದವರು ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಒತ್ತುಕಾಲ್ಚೀಲ (ಕಂಪ್ರೆಷನ್ ಸಾಕ್ಸ್) ಬೇಕೇ ಎಂದು ವೈದ್ಯರನ್ನು ಕೇಳಿಯೇ ಹೊರಡಲಿ. ಪ್ರಯಾಣ ಮುಗಿದು ಕೆಲವು ವಾರವಾದ ಮೇಲೂ ಒಂದೇ ಕಾಲು ಊದಿ ನೋಯತೊಡಗಿದರೆ ಅಥವಾ ಏಕಾಏಕಿ ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ವಿಮಾನದೊಳಗಿನ ಗಾಳಿ ಬಹಳ ಒಣ, ತೇವಾಂಶ 20 ಶೇಕಡಾಕ್ಕಿಂತ ಕಡಿಮೆ ಇರುವುದೇ ಸಾಮಾನ್ಯ. ಎಷ್ಟು ನೀರು ಕುಡಿಯಬೇಕೆಂದು ಲೀಟರಿನ ಲೆಕ್ಕ ಹಾಕುವ ಬದಲು ಮೂತ್ರದ ಬಣ್ಣ ನೋಡಿ: ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ಕುಡಿದದ್ದು ಸಾಲದು. ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರನ್ನೇ ಬಿಡುವವರಿದ್ದಾರೆ. ಏಳಬೇಕಾಗುವುದು ಕಾಲಿಗೂ ಒಳ್ಳೆಯದೇ.

ಗಡಿಯಾರ ಬದಲಾದಾಗ

ದೂರದ ದೇಶಕ್ಕೆ ಹಾರಿದಾಗ ಹೊತ್ತು ಬದಲಾಗಿ ನಿದ್ದೆ ಕೆಡುವ ಜೆಟ್ ಲ್ಯಾಗ್‌ಗೆ ಎಲ್ಲರೂ ಹೇಳುವ ಮದ್ದು "ಇಳಿದ ಕೂಡಲೇ ಬಿಸಿಲಿಗೆ ಹೋಗಿ" ಎಂಬುದು. ಇದು ಅರ್ಧ ಸತ್ಯ. ತಪ್ಪು ಹೊತ್ತಿನ ಬೆಳಕು ದೇಹದ ಗಡಿಯಾರವನ್ನು ಹಿಂದುಮುಂದಾಗಿ ತಿರುಗಿಸುತ್ತದೆ.

ದೇಹದ ಉಷ್ಣತೆ ದಿನಕ್ಕೊಮ್ಮೆ ಕನಿಷ್ಠಕ್ಕಿಳಿಯುತ್ತದೆ, ಸಾಮಾನ್ಯವಾಗಿ ನಾವು ಏಳುವ ಎರಡು ಮೂರು ಗಂಟೆ ಮುಂಚೆ. ಆ ಗಳಿಗೆಯ ನಂತರ ಬೆಳಕು ಬಿದ್ದರೆ ಗಡಿಯಾರ ಮುಂದಕ್ಕೆ ಸರಿಯುತ್ತದೆ, ಮೊದಲು ಬಿದ್ದರೆ ಹಿಂದಕ್ಕೆ. ಒಂದು ಲೆಕ್ಕ ಮಾಡೋಣ. ಊರಿನಲ್ಲಿ ನೀವು ಬೆಳಿಗ್ಗೆ 7ಕ್ಕೆ ಏಳುವವರು, ಅಂದರೆ ಆ ಕನಿಷ್ಠ ಗಳಿಗೆ ಸುಮಾರು 4:30. ಪೂರ್ವಕ್ಕೆ ಆರು ಗಂಟೆ ಮುಂದಿರುವ ಜಾಗಕ್ಕೆ ಹೋದಿರಿ. ಅಲ್ಲಿನ ಗಡಿಯಾರದಲ್ಲಿ ಅದೇ ಗಳಿಗೆ 10:30. ನಿಮ್ಮ ದೇಹ ಬೇಗ ಮಲಗಲು ಕಲಿಯಬೇಕು, ಅಂದರೆ ಮುಂದಕ್ಕೆ ಸರಿಯಬೇಕು. ಬೆಳಗಿನ ವಿಮಾನದಲ್ಲಿ ಇಳಿದು 8 ಗಂಟೆಗೇ ಬಿಸಿಲಲ್ಲಿ ತಿರುಗಾಡಿದರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ, ರಾತ್ರಿ 3ರವರೆಗೆ ಕಣ್ಣು ಬಿಟ್ಟುಕೊಂಡು ಬಿದ್ದಿರಬೇಕಾಗುತ್ತದೆ. ಮೊದಲ ದಿನ 10:30ರವರೆಗೆ ಕಪ್ಪು ಕನ್ನಡಕ ಹಾಕಿ ಆದಷ್ಟೂ ಒಳಗಿರಿ. ಅಲ್ಲಿಂದ ಮಧ್ಯಾಹ್ನ 1:30ರವರೆಗೆ ಹೊರಗಿರಿ. ಮಾರನೆಯ ದಿನದಿಂದ ಈ ಅವಧಿಯನ್ನು ಒಂದೊಂದು ಗಂಟೆ ಮೊದಲಿಗೆ ತನ್ನಿ.

ಪಶ್ಚಿಮಕ್ಕೆ ಹೋದರೆ ಕೆಲಸ ಸುಲಭ. ಸಂಜೆಯ ಬೆಳಕಿನಲ್ಲಿ ಓಡಾಡಿ, ಅಲ್ಲಿನ 10 ಗಂಟೆಯವರೆಗೆ ದೀಪ ಹಚ್ಚಿಕೊಂಡು ಎಚ್ಚರವಿರಿ. ನಸುಕಿಗೂ ಮುಂಚೆ ಎಚ್ಚರವಾದರೆ ಫೋನ್ ಮುಟ್ಟದೆ ಕತ್ತಲಲ್ಲೇ ಮಲಗಿರಿ. ಮನುಷ್ಯನ ಒಳಗಡಿಯಾರ 24 ಗಂಟೆಗಿಂತ ತುಸು ಉದ್ದ ಓಡುತ್ತದೆ, ಹಾಗಾಗಿ ದಿನವನ್ನು ಹಿಗ್ಗಿಸುವುದು ಕುಗ್ಗಿಸುವುದಕ್ಕಿಂತ ಸಲೀಸು. ಪೂರ್ವಕ್ಕೆ ಹೋದಾಗ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯಂತೆ, ಪಶ್ಚಿಮಕ್ಕೆ ಹೋದಾಗ ಸುಮಾರು ಒಂದೂವರೆ ಗಂಟೆಯಂತೆ ದೇಹ ಹೊಂದಿಕೊಳ್ಳುತ್ತದೆ. ಎರಡೇ ದಿನದ ಕೆಲಸಕ್ಕೆ ಹೋಗಿ ಬರುವುದಾದರೆ ಹೊಂದಿಕೊಳ್ಳುವ ಗೋಜೇ ಬೇಡ, ಊರಿನ ಗಡಿಯಾರದಂತೆಯೇ ಉಂಡು ಮಲಗಿ.

ಕಾಫಿಯನ್ನು ಮಧ್ಯಾಹ್ನಕ್ಕೇ ಮುಗಿಸಿ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಸಂಜೆ 5ಕ್ಕೆ ಕುಡಿದದ್ದರ ಅರ್ಧ ರಾತ್ರಿ 10ಕ್ಕೆ ಒಳಗೇ ಇರುತ್ತದೆ. ಹಗಲು ನಿದ್ದೆ ತಡೆಯಲಾಗದಿದ್ದರೆ ಅಲಾರಾಂ ಇಟ್ಟು 20 ನಿಮಿಷ ಮಲಗಿ, ಸಂಜೆಯ ಮೇಲಂತೂ ಬೇಡ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ತೆಳುವಾಗುವುದು ಸಹಜ, ಮಿದುಳಿನ ಒಂದು ಪಾರ್ಶ್ವ ಕಾವಲುಗಾರನಂತೆ ಅರೆ ಎಚ್ಚರದಲ್ಲಿರುತ್ತದೆ. ಇದು 2016ರಲ್ಲಿ ಪ್ರಕಟವಾದ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಕಂಡ ಸಂಗತಿ. ಮುಖ್ಯ ಸಭೆಯೋ ಪರೀಕ್ಷೆಯೋ ಇದ್ದರೆ ಒಂದು ರಾತ್ರಿ ಮೊದಲೇ ತಲುಪುವುದು ಇದೇ ಕಾರಣಕ್ಕೆ ಜಾಣತನ.

ಇನ್ಸುಲಿನ್, ಅಪಸ್ಮಾರದ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹೊತ್ತು ಬದಲಾಯಿಸುವ ಲೆಕ್ಕವನ್ನು ತಾವೇ ಹಾಕಬಾರದು. ಪೂರ್ವಕ್ಕೆ ಹೋದ ದಿನ 24 ಗಂಟೆಗಿಂತ ಗಿಡ್ಡ, ಪಶ್ಚಿಮದ ದಿನ ಉದ್ದ. ಅದಕ್ಕೆ ತಕ್ಕ ವೇಳಾಪಟ್ಟಿಯನ್ನು ವೈದ್ಯರೇ ಬರೆದುಕೊಡಲಿ.

ಊಟ, ನೀರು

ನೋಡಲು ಚೊಕ್ಕಟವಾಗಿರುವ ಜಾಗದ ಊಟವೂ ಹೊಟ್ಟೆ ಕೆಡಿಸಬಹುದು. ಶಾಖವನ್ನು ನೋಡಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತವೆ. ಬಫೆಯ ದೊಡ್ಡ ತಟ್ಟೆಯಲ್ಲಿ ಎರಡು ಗಂಟೆಯಿಂದ ಉಗುರು ಬೆಚ್ಚಗೆ ಕೂತ ತಿನಿಸಿಗಿಂತ ಕಣ್ಣೆದುರೇ ಬಾಣಲೆಯಿಂದ ಇಳಿದು ಹಬೆಯಾಡುವುದು ಮೇಲು. ಹಣ್ಣನ್ನು ನೀವೇ ಸಿಪ್ಪೆ ಸುಲಿದು ತಿನ್ನಿ. ಹೆಚ್ಚಿಟ್ಟ ಹಣ್ಣು, ಹಸಿ ಸೊಪ್ಪು ಯಾವ ನೀರಲ್ಲಿ ತೊಳೆದದ್ದೋ ಯಾರಿಗೆ ಗೊತ್ತು!

ನೀರಿನ ಮೇಲೆ ನಂಬಿಕೆ ಇಲ್ಲದ ಕಡೆ ಕೊತಕೊತ ಕುದಿ ಬಂದ ಮೇಲೆ 1 ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿ 3 ನಿಮಿಷ ಕುದಿಸಿ. ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಹೆಚ್ಚು ಹೊತ್ತು ಬೇಕು. ಕುಡಿಯುವ ನೀರಿಗೆ ಇಷ್ಟೆಲ್ಲ ಮಾಡಿ ಐಸ್ ಹಾಕಿಸಿಕೊಳ್ಳುವುದು, ನಲ್ಲಿ ನೀರಲ್ಲಿ ಬಾಯಿ ಮುಕ್ಕಳಿಸುವುದು ಮಾಮೂಲಿ ಎಡವಟ್ಟು. ಊಟಕ್ಕೆ ಮೊದಲು ಸೋಪಿನಲ್ಲಿ 20 ಸೆಕೆಂಡು ಕೈ ತೊಳೆಯಿರಿ. ವಾಂತಿಭೇದಿ ತರುವ ನೊರೊವೈರಸ್ಸಿಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ.

ಹೊಟ್ಟೆ ಕೆಟ್ಟರೆ

ಮೊದಲು ನೀರು, ಲವಣ. ಒಆರ್‌ಎಸ್ ಪೊಟ್ಟಣ ಹರಿಯುವ ಮುನ್ನ ಅದು ಎಷ್ಟು ನೀರಿಗೆ ಎಂದು ಓದಿ: 1 ಲೀಟರಿನದೂ ಇದೆ, 200 ಮಿಲಿಲೀಟರಿನದೂ ಇದೆ. ಲೀಟರಿನ ಪುಡಿಯನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಸಕ್ಕರೆ ಅತಿಯಾಗಿ ಕರುಳು ದೇಹದ ನೀರನ್ನೇ ಎಳೆದುಕೊಳ್ಳುತ್ತದೆ, ಭೇದಿ ಹೆಚ್ಚುತ್ತದೆ. ಸಿಹಿ ಪಾನೀಯ ಕುಡಿದರೂ ಇದೇ ಕತೆ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು. ಚಮಚವೆಂದರೆ 5 ಮಿಲಿಲೀಟರಿನ ಟೀ ಚಮಚ, ರಾಶಿ ತುಂಬದೆ ಚಾಕುವಿನ ಬೆನ್ನಿನಿಂದ ಸಮ ಮಾಡಿ. ನಾಲಿಗೆಗಿಟ್ಟಾಗ ಕಣ್ಣೀರಿಗಿಂತ ಉಪ್ಪೆನಿಸಿದರೆ ಚೆಲ್ಲಿ ಹೊಸದು ಮಾಡಿ. ಕಲಸಿದ್ದನ್ನು 24 ಗಂಟೆಗಿಂತ ಇಡಬೇಡಿ. ದೊಡ್ಡವರು ಪ್ರತಿ ಭೇದಿಗೆ ಒಂದೆರಡು ಲೋಟ ಕುಡಿಯಲಿ. ವಾಂತಿಯಾದರೆ 10 ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಶುರು ಮಾಡಿ. ಬಾಯಾರಿ ಗಟಗಟ ಕುಡಿದದ್ದೆಲ್ಲ ಹೊರಗೇ ಬರುತ್ತದೆ.

ಭೇದಿ ನಿಲ್ಲಿಸುವ ಲೋಪೆರಮೈಡ್ ಬಸ್ಸು ಹತ್ತಲೇಬೇಕಾದ ದಿನಕ್ಕೆ ಅನುಕೂಲ. ಆದರೆ ಮಲದಲ್ಲಿ ರಕ್ತ ಅಥವಾ ಜೋರು ಜ್ವರ ಇದ್ದರೆ ಅದನ್ನು ಮುಟ್ಟಬೇಡಿ, ಹೊರಹೋಗಬೇಕಾದ ಸೋಂಕು ಒಳಗೇ ಉಳಿಯುತ್ತದೆ. ಚಿಕ್ಕ ಮಕ್ಕಳಿಗೂ ಕೊಡಬಾರದು. ರಕ್ತ, ಜ್ವರ, ಎರಡು ದಿನ ಕಳೆದರೂ ನಿಲ್ಲದ ಭೇದಿ, ಎಂಟು ಗಂಟೆಯಾದರೂ ಮೂತ್ರ ಬಾರದಿರುವುದು, ಇವುಗಳಲ್ಲಿ ಒಂದಿದ್ದರೂ ವೈದ್ಯರ ಬಳಿ ಹೋಗಿ.

ಇದರ ತಿರುಗುಮುರುಗು ಮಲಬದ್ಧತೆ. ಯಾರೂ ಬಾಯಿ ಬಿಟ್ಟು ಹೇಳದಿದ್ದರೂ ಪ್ರವಾಸದಲ್ಲಿ ಇದರಿಂದ ಬಳಲುವವರೇನು ಕಡಿಮೆಯಿಲ್ಲ. ಹೊಟ್ಟೆಗೆ ಏನಾದರೂ ಬಿದ್ದಾಗ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ, ಬೆಳಿಗ್ಗೆ ಇದು ಜೋರು. ಎಂಟು ಗಂಟೆಯ ಬಸ್ಸಿಗೆ ಏಳೂವರೆಗೆ ಎದ್ದು ಓಡಿದರೆ ಆ ಕರೆ ದಾರಿಯಲ್ಲಿ ಬರುತ್ತದೆ, ನೀವು ತಡೆಯುತ್ತೀರಿ, ಎರಡು ದಿನ ತಡೆದರೆ ಕಟ್ಟಿತು. 40 ನಿಮಿಷ ಬೇಗ ಎದ್ದು, ಬಿಸಿಯಾಗಿ ಏನಾದರೂ ಕುಡಿದು, ಅವಸರವಿಲ್ಲದೆ ಕೂರಿ. ಕಮೋಡಿನ ಮುಂದೆ ಕಸದ ಬುಟ್ಟಿಯನ್ನೋ ಚೀಲವನ್ನೋ ಮಲಗಿಸಿ ಅದರ ಮೇಲೆ ಪಾದವಿಟ್ಟರೆ ಸಲೀಸಾಗುತ್ತದೆ. ನಾರಿನ ಪುಡಿ ತಗೊಳ್ಳುವುದಾದರೆ ಚಮಚಕ್ಕೊಂದು ದೊಡ್ಡ ಲೋಟ ನೀರು ಕಡ್ಡಾಯ, ನೀರಿಲ್ಲದೆ ಅದೇ ಗಂಟಾಗುತ್ತದೆ.

ಅಭ್ಯಾಸಕ್ಕೆ ಹೊಸ ಕೊಕ್ಕೆ

ಕೋಣೆ ಸೇರಿದ ಮೊದಲ ಹತ್ತು ನಿಮಿಷ ಹಾಸಿಗೆ ಮೇಲೆ ಬೀಳಬೇಡಿ. ಶೂ ಬಾಗಿಲ ಬಳಿ, ಮಾತ್ರೆ ಡಬ್ಬಿ ಬ್ರಷ್ಷಿನ ಪಕ್ಕ, ಬಾಟಲಿ ತುಂಬಿಸಿ ಮಂಚದ ಬದಿಗೆ. ಮನೆಯ ಗುರುತುಗಳು ಇಲ್ಲೂ ಹುಟ್ಟಿದವು. ಆಮೇಲೆ ಪ್ರತಿ ಅಭ್ಯಾಸವನ್ನೂ ಗಂಟೆಯ ಬದಲು ಎಲ್ಲಿ ಹೋದರೂ ನಡೆಯುವ ಘಟನೆಗೆ ಗಂಟು ಹಾಕಿ. "ಬೆಳಿಗ್ಗೆ 6ಕ್ಕೆ ವ್ಯಾಯಾಮ" ಪ್ರಯಾಣದಲ್ಲಿ ಉಳಿಯದು. "ಸ್ನಾನಕ್ಕೆ ಮೊದಲು ವ್ಯಾಯಾಮ" ಉಳಿಯುತ್ತದೆ. 15 ಬಸ್ಕಿ, ಮಂಚದ ಅಂಚಿಗೆ ಕೈಯೂರಿ 10 ದಂಡ, 30 ಸೆಕೆಂಡು ಪ್ಲಾಂಕ್ (ಮೊಣಕೈ, ಕಾಲ್ಬೆರಳೂರಿ ಮೈ ನೇರ ಹಿಡಿಯುವುದು), ಇದೇ ಮೂರು ಸುತ್ತು, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಿ ಸರಿದೂಗಿಸಲು ಹೋಗಬೇಡಿ, ಮೈಕೈ ನೋವಿನಿಂದ ಮೂರನೆಯ ದಿನವೂ ತಪ್ಪುತ್ತದೆ.

ಸೊಳ್ಳೆ ಇರುವ ಕಡೆ ಮೊದಲು ಸನ್‌ಸ್ಕ್ರೀನ್, ಒಣಗಿದ ಮೇಲೆ ಡೀಟ್ ಎಂಬ ಸೊಳ್ಳೆ ನಿವಾರಕ 20ರಿಂದ 30 ಶೇಕಡಾ ಇರುವ ಲೇಪ. ಡೆಂಗಿ ಸೊಳ್ಳೆ ಹಗಲಲ್ಲೂ ಕಚ್ಚುತ್ತದೆ, ಮಲೇರಿಯಾದ್ದು ಮುಸ್ಸಂಜೆಯಿಂದ ನಸುಕಿನವರೆಗೆ. ಮಲೇರಿಯಾ ತಡೆಯುವ ಮಾತ್ರೆಯನ್ನು ಊರಿಗೆ ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ನುಂಗಬೇಕು. ಬ್ಯಾಗು ಬಿಚ್ಚಿದೊಡನೆ ಬಿಡುವವರೇ ಹೆಚ್ಚು. ವಾಪಸಾಗಿ ವಾರಗಳೋ ತಿಂಗಳುಗಳೋ ಕಳೆದು ಜ್ವರ ಬಂದರೂ ಎಲ್ಲಿಗೆ, ಯಾವಾಗ ಹೋಗಿದ್ದಿರೆಂದು ವೈದ್ಯರಿಗೆ ಮೊದಲು ಹೇಳಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.