ಕರುಳಿನ ವೈರಸ್‌ಗೂ ಲಿವರ್ ಕಾಯಿಲೆಗೂ ಏನು ನಂಟು? ಪತ್ತೆ ಹಚ್ಚುವುದು ಹೀಗೆ

ವೈರಸ್ ಅಂದ ಕೂಡಲೇ ಜ್ವರ, ನೆಗಡಿ ನೆನಪಾಗುತ್ತದೆ, ಅಲ್ವಾ? ಆದರೆ ಕರುಳಿನಲ್ಲಿರುವ ವೈರಸ್‌ಗಳಲ್ಲಿ ಹೆಚ್ಚಿನವು ನಮ್ಮ ತಂಟೆಗೇ ಬರುವುದಿಲ್ಲ. ಅವು ಬೇಟೆಯಾಡುವುದು ಬ್ಯಾಕ್ಟೀರಿಯಾಗಳನ್ನು. ಇವೇ ಫೇಜ್‌ಗಳು. ಫೇಜ್ ಬ್ಯಾಕ್ಟೀರಿಯಾದ ಮೈಮೇಲೆ ಕೂತು, ತನ್ನ ಡಿಎನ್‌ಎಯನ್ನು ಒಳಗೆ ಇಳಿಸುತ್ತದೆ. ಒಳಗೇ ಹೊಸ ಫೇಜ್‌ಗಳು ತಯಾರಾಗಿ, ಬ್ಯಾಕ್ಟೀರಿಯಾ ಒಡೆದು ಹೊರಗೆ ಚೆಲ್ಲುತ್ತವೆ. ಕೆಲವು ಮಾತ್ರ ಒಡೆಯದೆ ಒಳಗೇ ಸುಮ್ನೆ ಕೂತಿರುತ್ತವೆ.

ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ರಕ್ತನಾಳದ್ದು. ಕರುಳಿನ ರಕ್ತ ಲಿವರ್ ಸೇರುವುದು ಈ ದಾರಿಯಲ್ಲೇ. ಕರುಳಿನ ಗೋಡೆ ಸೋರಿದರೆ ಅಲ್ಲಿನ ಬ್ಯಾಕ್ಟೀರಿಯಾಗಳ ವಿಷದ ಬಿಸಿ ಮೊದಲು ತಟ್ಟುವುದು ಲಿವರ್‌ಗೇ.

ಫೇಜ್‌ಗೂ ಲಿವರ್ ಕಾಯಿಲೆಗೂ ಇರುವ ನಂಟಿನ ಹುಡುಕಾಟ ಮಲದ ಮಾದರಿಯಿಂದ ಶುರು. ಕಾಯಿಲೆ ಇದ್ದವರದು, ಇಲ್ಲದವರದು ಎರಡೂ ಬೇಕು. ಯಾರು ಯಾವ ಔಷಧಿ ತೆಗೆದುಕೊಂಡಿದ್ದಾರೆ ಅನ್ನುವುದನ್ನು ಬರೆದಿಡಲೇಬೇಕು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಂದರೆ ಅದನ್ನೇ ನಂಬಿದ ಫೇಜ್‌ಗಳ ಲೆಕ್ಕವೂ ಏರುಪೇರಾಗುತ್ತದೆ.

ಆಮೇಲೆ ಸೋಸುವ ಕೆಲಸ. ಮಾದರಿಯನ್ನು ಉಪ್ಪುದ್ರಾವಣದಲ್ಲಿ ಕದಡಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸುತ್ತಾರೆ. ಕಸ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು 0.45 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಹಾಯಿಸಿದರೆ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಮೇಲೇ ಉಳಿದು, ಫೇಜ್‌ಗಳು ಕೆಳಗೆ ಬರುತ್ತವೆ. ಇನ್ನೂ ಒಂದಿಷ್ಟು ಬಿಡಿ ಡಿಎನ್‌ಎ ತೇಲುತ್ತಿರುತ್ತದೆ. ಅದನ್ನು ಕಿಣ್ವ ಹಾಕಿ ಕರಗಿಸುತ್ತಾರೆ. ವೈರಸ್‌ನ ಡಿಎನ್‌ಎ ಚಿಪ್ಪಿನೊಳಗೆ ಇರುವುದರಿಂದ ಕಿಣ್ವ ಅದನ್ನು ಮುಟ್ಟಲಾಗದು. ಈ ಉಪಾಯ ನನಗೆ ತುಂಬಾ ಇಷ್ಟ.

ಚಿಪ್ಪು ಒಡೆದು ಡಿಎನ್‌ಎ ಓದಿಸಿದರೆ, ಗುರುತು ಸಿಗದ ತುಣುಕುಗಳೇ ಜಾಸ್ತಿ. 2014ರಲ್ಲಿ ಗೊತ್ತಾದ ಕ್ರಾಸ್‌ಫೇಜ್ ಎಷ್ಟೋ ಜನರ ಕರುಳಿನಲ್ಲಿ ಇತ್ತು. ಆದರೂ ಕಂಪ್ಯೂಟರ್‌ನಲ್ಲಿ ತುಣುಕು ಜೋಡಿಸುವವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಯಾವ ಫೇಜ್ ಯಾವ ಬ್ಯಾಕ್ಟೀರಿಯಾದ ಬೇಟೆಗಾರ ಅಂತ ತಿಳಿಯುವುದಕ್ಕೂ ಒಂದು ದಾರಿಯಿದೆ. ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಮೇಲೆ ಬಿದ್ದ ಫೇಜ್‌ನ ಡಿಎನ್‌ಎ ಚೂರನ್ನು ತಮ್ಮಲ್ಲೇ ಇಟ್ಟುಕೊಂಡಿರುತ್ತವೆ. ಅದನ್ನು ತಾಳೆ ಹಾಕಿದರಾಯಿತು.

ಎಡವುವುದು ಇಲ್ಲೇ. ಕಾಯಿಲೆಯವರ ವೈರಸ್ ಪಟ್ಟಿ ಬೇರೆ ಇದೆ ಅಂದ ಮಾತ್ರಕ್ಕೆ ವೈರಸ್ಸೇ ಕಾರಣ ಅಂತಲ್ಲ. ಲಿವರ್ ಕೆಟ್ಟರೆ ಪಿತ್ತರಸದ ಹರಿವು ಬದಲಾಗುತ್ತದೆ. ಅದರಿಂದ ಬ್ಯಾಕ್ಟೀರಿಯಾ ಬದಲಾಗುತ್ತವೆ, ಅವುಗಳ ಹಿಂದೆಯೇ ಫೇಜ್‌ಗಳೂ. ಯಾವುದು ಮೊದಲು ಅಂತ ತಿಳಿಯಲು ಪ್ರಯೋಗವೇ ಆಗಬೇಕು.

ಅಂಥ ಪ್ರಯೋಗವೊಂದು 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಮದ್ಯದಿಂದ ತೀವ್ರ ಲಿವರ್ ಉರಿಯೂತವಾದ ಕೆಲವರ ಕರುಳಿನಲ್ಲಿ ಎಂಟೆರೊಕಾಕಸ್ ಫೀಕ್ಯಾಲಿಸ್ ಅನ್ನುವ ಬ್ಯಾಕ್ಟೀರಿಯಾ ಸೈಟೊಲೈಸಿನ್ ಎಂಬ ವಿಷ ತಯಾರಿಸುತ್ತಿತ್ತು. ಈ ವಿಷದ ಗುರುತು ಸಿಕ್ಕವರಲ್ಲಿ 89% ಜನ 180 ದಿನಗಳೊಳಗೆ ತೀರಿಕೊಂಡರು. ಸಿಗದವರಲ್ಲಿ ಅದು 3.8% ಮಾತ್ರ. ಸಂಶೋಧಕರು ಚರಂಡಿ ನೀರಿನಿಂದ ಈ ಬ್ಯಾಕ್ಟೀರಿಯಾದ ಫೇಜ್‌ಗಳನ್ನು ಹುಡುಕಿ ತೆಗೆದರು. ರೋಗಿಗಳ ಮಲದ ಬ್ಯಾಕ್ಟೀರಿಯಾ ಕೊಟ್ಟಿದ್ದ ಇಲಿಗಳಿಗೆ ಆ ಫೇಜ್ ಕುಡಿಸಿದಾಗ, ಮದ್ಯದಿಂದ ಲಿವರ್‌ಗೆ ಆಗುವ ಹಾನಿ ಇಳಿಯಿತು. ಬೇರೆ ಬ್ಯಾಕ್ಟೀರಿಯಾದ ಫೇಜ್ ಕೊಟ್ಟ ಇಲಿಗಳಿಗೆ ಆ ಲಾಭ ಸಿಗಲಿಲ್ಲ.

ಇದು ಇಲಿಗಳ ಮಾತು, ಮನುಷ್ಯರ ಚಿಕಿತ್ಸೆಯಲ್ಲ. ಒಂದು ಫೇಜ್ ತನಗೆ ಹೊಂದುವ ಕೆಲವೇ ತಳಿಗಳನ್ನು ಕೊಲ್ಲುತ್ತದೆ. ಹಾಗಾಗಿ ಮುಂದೆ ಔಷಧಿ ಬಂದರೂ, ಕೊಡುವ ಮೊದಲು ರೋಗಿಯ ಕರುಳಿನಲ್ಲಿರುವ ತಳಿ ವಿಷ ಮಾಡುತ್ತದೆಯೇ, ಆ ಫೇಜ್‌ಗೆ ಬಗ್ಗುತ್ತದೆಯೇ ಅಂತ ನೋಡಲೇಬೇಕು.