ಮೊದಲು ನೆಲದಿಂದ ಎದ್ದು ತೋರಿಸಿ, ಆಮೇಲೆ ಜಿಮ್ಮಿನ ಮಾತು

ನಮ್ಮ ಮೊಮ್ಮಗ ದಿನಾ ಬೆಳಿಗ್ಗೆ ಇಲ್ಲೇ ದಾವಣಗೆರೆಯ ಕುಂದುವಾಡ ಕೆರೆಗೆ ವಾಕಿಂಗ್ ಹೋಗುತ್ತಾನೆ. ಹೋಗುವುದು ಬೈಕಿನಲ್ಲಿ. ಬರುವಾಗ ಬೆಣ್ಣೆ ದೋಸೆ, ಅದೂ ಎರಡು. ಬಂದು ಸೋಫಾ ಮೇಲೆ ಬಿದ್ದನೆಂದರೆ "ಅಜ್ಜಿ, ನೀರು" ಅನ್ನುತ್ತಾನೆ. ಅಡುಗೆಮನೆ ಏನು ಹರಿಹರದಲ್ಲಿದೆಯಾ?

ವಾಚಿನಲ್ಲಿ ಹತ್ತು ಸಾವಿರ ಹೆಜ್ಜೆ ಆಯಿತಾ ಅಂತ ನೋಡುವುದು ಬೇರೆ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರುವವರು ಅದಕ್ಕೆ ಇಟ್ಟ ಹೆಸರೇ 'ಹತ್ತು ಸಾವಿರ ಹೆಜ್ಜೆ', ಅಲ್ಲಿಂದ ಬಂದ ಲೆಕ್ಕ ಅದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಚುರುಕಾದ ಓಡಾಟ. ಚುರುಕು ಅಂದರೆ ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು. ತರಕಾರಿಗೆ ನಡೆದು ಹೋಗಿ, ಮೆಟ್ಟಿಲು ಹತ್ತಿ, ಉಂಡ ಮೇಲೆ ಸ್ವಲ್ಪ ಓಡಾಡಿ, ಶುಗರ್ ಇದ್ದವರಂತೂ ತಪ್ಪಿಸಬೇಡಿ. ಇವೆಲ್ಲ ಗೊತ್ತಿರುವುದೇ.

ನಾನು ಜಗಳ ಆಡಿಯಾದರೂ ಹೇಳುವುದು ಒಂದೇ. ದಿನಕ್ಕೆ ನಾಲ್ಕೈದು ಸಲ ನೆಲದ ಮೇಲೆ ಕೂತು, ಕೈ ಊರದೆ ಏಳಬೇಕು. ಚಾಪೆ ಹಾಸಿಕೊಳ್ಳಿ, ಟೈಲ್ಸ್ ಮೇಲೆ ಸಾಕ್ಸ್ ಹಾಕಿಕೊಂಡು ಮಾಡಿ ಜಾರಿ ಬಿದ್ದರೆ ನನ್ನನ್ನು ಬೈಯಬೇಡಿ. ಕಾಲು ಕತ್ತರಿ ಹಾಕಿ, ಸೊಂಟ ಹಿಂದಕ್ಕೆ ಬಿಟ್ಟು, ನಿಧಾನವಾಗಿ ಇಳಿಯಿರಿ, ಅಕ್ಕಿ ಮೂಟೆ ಹಾಗೆ ದೊಪ್ಪಂತ ಬೀಳುವುದಲ್ಲ. ಏಳುವಾಗ ಎಲ್ಲರೂ ನೆಟ್ಟಗೆ ಕೂತಲ್ಲಿಂದಲೇ ಮೇಲಕ್ಕೆ ಏಳಲು ನೋಡುತ್ತಾರೆ, ತಪ್ಪುವುದು ಅಲ್ಲೇ. ಪಾದ ಹತ್ತಿರ ಎಳೆದುಕೊಳ್ಳಿ, ಎರಡೂ ಕೈ ಮುಂದೆ ಚಾಚಿ, ಮೂಗು ಮೊಣಕಾಲು ದಾಟುವಷ್ಟು ಬಾಗಿ, ಭಾರವೆಲ್ಲ ಪಾದಕ್ಕೆ ಇಳಿಯಿತು ಅನ್ನಿಸಿದ ಮೇಲೆ ಉಸಿರು ಬಿಡುತ್ತಾ ಏಳಿ. ಉಸಿರು ಕಟ್ಟಬೇಡಿ. ಮುಂದಿನ ಸಲ ಇನ್ನೊಂದು ಕಾಲು ಮುಂದೆ ಇರಲಿ. ಆಗದಿದ್ದರೆ ಗೋಡೆ ಪಕ್ಕ ಎತ್ತರದ ಮಣೆ ಮೇಲೆ ಕೂತು ಶುರು ಮಾಡಿ, ಅದು ಸಲೀಸಾದ ಮೇಲೆ ಗಿಡ್ಡ ಮಣೆ, ಆಮೇಲೆ ನೆಲ. ಮಂಡಿ ನೋವಿನವರು, ಆಪರೇಷನ್ ಆದವರು ಮೊದಲು ಡಾಕ್ಟರನ್ನು ಕೇಳಿ.

ನನ್ನ ತವರು ಚಿತ್ರದುರ್ಗ. ನಮ್ಮವ್ವ ನೆಲದ ಮೇಲೆ ಈಳಿಗೆ ಇಟ್ಟುಕೊಂಡು ಹೆಚ್ಚುತ್ತಿದ್ದಳು, ಉಪ್ಪಿಗೊಮ್ಮೆ, ಹುಣಸೆಹಣ್ಣಿಗೊಮ್ಮೆ, ಬಾಗಿಲಿಗೆ ಯಾರೋ ಬಂದರು ಅಂತ ಇನ್ನೊಮ್ಮೆ ಏಳುತ್ತಿದ್ದಳು. ಕೋಟೆ ಮೇಲಿನ ಏಕನಾಥೇಶ್ವರಿ ಗುಡಿಗೆ ಹೊರಟರೆ ಅವಳು ಮುಂದೆ, ಏದುಸಿರು ಬಿಡುತ್ತಾ ನಾವು ಹಿಂದೆ. ಈಳಿಗೆ ಅಂದಾಗ ನೆನಪಾಯಿತು, ಅದನ್ನು ಸಿಂಕಿನಲ್ಲಿ ನೆನೆಹಾಕಿ ತುಕ್ಕು ಹಿಡಿಸಿ ಆಮೇಲೆ ಹರಿತ ಇಲ್ಲ ಅನ್ನಬೇಡಿ. ತೊಳೆದ ಕೂಡಲೇ ಒರೆಸಿ, ಒಂದು ಹನಿ ಎಣ್ಣೆ ಸವರಿ ಇಡಿ.

ಮೊನ್ನೆ ಮೊಮ್ಮಗನಿಗೆ ನೆಲದಿಂದ ಏಳು ನೋಡೋಣ ಅಂದೆ. ಇಪ್ಪತ್ನಾಲ್ಕರ ಹುಡುಗ, ಸೋಫಾ ಹಿಡಿದು, ಅಯ್ಯಯ್ಯೋ ಅಂದುಕೊಂಡು ಎದ್ದ. ಈಗ ಅವನ ನೀರಿನ ಬಾಟಲಿ ಮಹಡಿ ಮೇಲೆ ಇಟ್ಟಿದ್ದೇನೆ. ಬಾಯಾರಿದರೆ ಹತ್ತಲಿ.